ಕೋವಿಡ್ ದಾಟಿ ಬಂದ ಹದಿಹರೆಯ: ಮನೆಯಲ್ಲಿ ಯಾವುದನ್ನು ಮೊದಲು ಮಾಡಬೇಕು?

ಈಗ ಎಂಟು, ಒಂಬತ್ತು, ಹತ್ತನೇ ಕ್ಲಾಸಿನಲ್ಲಿ ಕೂತಿರುವ ಮಕ್ಕಳ ಲೆಕ್ಕ ಹಾಕಿ ನೋಡಿ. 2020ರ ಮಾರ್ಚಿನಲ್ಲಿ ಶಾಲೆಗಳಿಗೆ ಬೀಗ ಬಿದ್ದಾಗ ಇವರು ಎರಡು, ಮೂರು, ನಾಲ್ಕನೇ ಕ್ಲಾಸಿನಲ್ಲಿದ್ದರು. ನಮ್ಮ ರಾಜ್ಯದಲ್ಲಿ ಕೋವಿಡ್‌ನ ಎರಡನೇ ಅಲೆ ಇಳಿದ ಮೇಲೆ ಆರರಿಂದ ಎಂಟನೇ ಕ್ಲಾಸು ಮತ್ತೆ ಶುರುವಾದದ್ದು 2021ರ ಸೆಪ್ಟೆಂಬರಿನಲ್ಲಿ. ಒಂದರಿಂದ ಐದರವರು ಅಕ್ಟೋಬರ್ 25ರವರೆಗೆ ಕಾದರು. ನಡುವೆ ವಿದ್ಯಾಗಮ ಬಂತು, ದೇವಸ್ಥಾನದ ಜಗಲಿಯಲ್ಲಿ, ಮರದ ಕೆಳಗೆ ಪಾಠ ನಡೆಯಿತು, ಕೆಲವೇ ವಾರಗಳಲ್ಲಿ ಅದೂ ನಿಂತಿತು. ಗೆಳೆಯರ ಜೊತೆ ಜಗಳ ಆಡಿ ಮರುದಿನ ರಾಜಿಯಾಗುವುದು, ಆಟದಲ್ಲಿ ಸೋತು ಅಳು ನುಂಗುವುದು, ಬೇರೆಯವರ ಟಿಫಿನ್ ಡಬ್ಬಿಗೆ ಕೈ ಹಾಕುವುದು, ಇದೆಲ್ಲ ಕಲಿಯುವ ವಯಸ್ಸು ಅದು. ಆ ಹೊತ್ತಿನಲ್ಲಿ ಅವರು ಮನೆಯೊಳಗಿದ್ದರು.

ಕೋವಿಡ್ ಮುಗಿದು ಎಷ್ಟೋ ಕಾಲವಾಯಿತು, ಇನ್ನೂ ಯಾಕೆ ಅದರ ಮಾತು ಎಂದು ಕೇಳುವವರಿದ್ದಾರೆ. ಹೈಸ್ಕೂಲು ಮಕ್ಕಳ ಜೊತೆ ದಿನ ಕಳೆಯುವವಳಾಗಿ ನನಗೆ ಅದು ಮುಗಿದಂತೆ ಕಾಣುವುದಿಲ್ಲ. ಮನೆಯವರು ಮೊದಲು ಹಿಡಿಯುವುದು ಮಾರ್ಕ್ಸನ್ನು. ಟ್ಯೂಷನ್ ಹಾಕುತ್ತಾರೆ, ಫೋನ್ ಕಿತ್ತುಕೊಳ್ಳುತ್ತಾರೆ, ಬಯ್ಯುತ್ತಾರೆ. ಈ ಕ್ರಮವನ್ನು ತಿರುಗಿಸಬೇಕು ಎನ್ನುವುದೇ ನನ್ನ ಮಾತು. ಮೊದಲು ನಿದ್ದೆ, ಆಮೇಲೆ ರಕ್ತ, ಆಮೇಲೆ ಮಾತು. ಪಾಠ ಕೊನೆಗೆ. ಸುಸ್ತಾದ, ರಕ್ತವಿಲ್ಲದ, ಹೇಳಿಕೊಳ್ಳಲು ಯಾರೂ ಇಲ್ಲದ ಮಗುವಿಗೆ ಎಷ್ಟು ಟ್ಯೂಷನ್ ಹಾಕಿದರೂ ತಲೆಗೆ ಹತ್ತುವುದಿಲ್ಲ.

ಒಂದು: ಏಳುವ ಹೊತ್ತನ್ನು ಗಟ್ಟಿ ಮಾಡಿ

13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಇನ್ನೊಂದು ವಿಷಯ ಬಹಳ ಮನೆಗಳಿಗೆ ಗೊತ್ತಿಲ್ಲ. ಈ ವಯಸ್ಸಿನಲ್ಲಿ ದೇಹದ ಗಡಿಯಾರವೇ ತಡವಾಗಿ ನಡೆಯುತ್ತದೆ. ನಿದ್ದೆ ಬರಿಸುವ ಹಾರ್ಮೋನು ರಾತ್ರಿ ತಡವಾಗಿ ಏರುತ್ತದೆ. ಹಾಗಾಗಿ ಒಂಬತ್ತಕ್ಕೆ ಮಲಗು ಎಂದರೆ ಅವರಿಗೆ ನಿಜವಾಗಿಯೂ ನಿದ್ದೆ ಬರುವುದಿಲ್ಲ. ಅದನ್ನು ಹಟ ಎಂದುಕೊಳ್ಳಬೇಡಿ.

ಮಲಗುವ ಹೊತ್ತನ್ನು ಬಿಟ್ಟು ಏಳುವ ಹೊತ್ತಿನಿಂದ ಶುರು ಮಾಡಿ. ಶಾಲೆಯ ಹೊತ್ತಿಗೆ ಹೊಂದುವ ಒಂದು ಸಮಯ ಇಟ್ಟುಕೊಳ್ಳಿ. ಭಾನುವಾರವೂ ಅದರಿಂದ ಒಂದು ಗಂಟೆಗಿಂತ ಜಾಸ್ತಿ ತಡವಾಗದಿರಲಿ. ಎದ್ದ ಕೂಡಲೇ ಅಂಗಳಕ್ಕೋ ಟೆರೇಸಿಗೋ ಕಳಿಸಿ, ಗಿಡಕ್ಕೆ ನೀರು ಹಾಕಲಿ, ಹಾಲು ತರಲಿ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ಆ ಗಡಿಯಾರ ನಿಧಾನಕ್ಕೆ ಸರಿಯಾದ ಹೊತ್ತಿಗೆ ಬರುತ್ತದೆ. ಇದು ನಾಲ್ಕೈದು ದಿನ ನಡೆದ ಮೇಲೆ ರಾತ್ರಿ ಕಾಲು ಗಂಟೆ ಬೇಗ ಮಲಗಿಸಿ. ಮತ್ತೆ ಕೆಲವು ದಿನ ಬಿಟ್ಟು ಇನ್ನೊಂದು ಕಾಲು ಗಂಟೆ. ಸಂಜೆಯ ಮೇಲೆ ಕಾಫಿ, ಟೀ ಬೇಡ. ಪರೀಕ್ಷೆ ಬಂತು ಎಂದು ರಾತ್ರಿ ಎರಡರವರೆಗೆ ಎಚ್ಚರ ಇರಿಸಲು ಫ್ಲಾಸ್ಕಿನಲ್ಲಿ ಕಾಫಿ ಮಾಡಿಡುವ ಅಮ್ಮಂದಿರಿಗೆ ಇದನ್ನು ಪ್ರೀತಿಯಿಂದಲೇ ಹೇಳುತ್ತಿದ್ದೇನೆ: ಓದಿದ್ದು ನೆನಪಿನಲ್ಲಿ ಕೂರುವುದೇ ನಿದ್ದೆಯಲ್ಲಿ.

ಇನ್ನು ಫೋನ್. 2020ರಲ್ಲಿ ಕ್ಲಾಸು ಕೇಳು ಎಂದು ಅವರ ಕೈಗೆ ಫೋನ್ ಕೊಟ್ಟವರು ನಾವೇ. ಸಾಲ ಮಾಡಿ ಕೊಡಿಸಿದ ಮನೆಗಳೂ ಇದ್ದವು. ಈಗ ಅದನ್ನು ಕಳ್ಳತನದಂತೆ ನೋಡಿದರೆ ಮಕ್ಕಳಿಗೆ ಅನ್ಯಾಯ ಅನಿಸುತ್ತದೆ, ಅನಿಸಬೇಕಾದ್ದೇ. ಕಿತ್ತುಕೊಳ್ಳುವ ಬದಲು ಮನೆಗೆಲ್ಲ ಒಂದೇ ನಿಯಮ ಮಾಡಿ. ರಾತ್ರಿ ಎಲ್ಲರ ಫೋನೂ ನಡುಮನೆಯಲ್ಲಿ ಚಾರ್ಜಿಗೆ. ಅಪ್ಪನದೂ ಅಲ್ಲೇ, ಅಮ್ಮನದೂ ಅಲ್ಲೇ. ಅಲಾರಂಗೆ ಬೇರೆ ಗಡಿಯಾರ ತನ್ನಿ. ಅಪ್ಪ ಹಾಸಿಗೆಯಲ್ಲಿ ರೀಲ್ಸ್ ನೋಡುತ್ತಾ ಮಗನಿಗೆ ಬೇಡ ಎಂದರೆ ಯಾವ ಮಗ ಕೇಳುತ್ತಾನೆ?

ಎರಡು: ರಕ್ತ ನೋಡಿಸಿ

ಇದನ್ನು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಸೋಮಾರಿ ಎಂದು ಬೈಸಿಕೊಳ್ಳುವ ಎಷ್ಟೋ ಮಕ್ಕಳಲ್ಲಿ ಇರುವುದು ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ, ಅದೇ ವಯಸ್ಸಿನ ಹುಡುಗರಲ್ಲಿ ನೂರಕ್ಕೆ 31 ಮಂದಿಗೆ ರಕ್ತಹೀನತೆ ಇತ್ತು. ಹುಡುಗರಿಗೆ ಬರುವುದಿಲ್ಲ ಎಂದುಕೊಂಡವರು ಎರಡನೆಯ ಅಂಕಿಯನ್ನು ಮತ್ತೆ ಓದಿ. ಶಾಲೆ ಮುಚ್ಚಿದಾಗ ಬಿಸಿಯೂಟದ ಬದಲು ಅಕ್ಕಿ, ಬೇಳೆ ಮನೆಗೆ ಬಂದವು. ಅದನ್ನು ಮನೆಮಂದಿಯೆಲ್ಲ ಹಂಚಿಕೊಂಡು ಉಂಡರು. ಮಗುವಿನ ತಟ್ಟೆಗೇ ಬೀಳುತ್ತಿದ್ದ ಊಟ ಹಾಗೆ ಕಡಿಮೆಯಾಯಿತು.

ಗುರುತುಗಳು ಇವು: ಮೆಟ್ಟಿಲು ಹತ್ತಿದರೆ ಏದುಸಿರು, ಮಧ್ಯಾಹ್ನದ ಕ್ಲಾಸಿನಲ್ಲಿ ತೂಕಡಿಕೆ, ತಲೆನೋವು, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಒಳಗೆ ಬಿಳಿಚು. ಬಳಪ, ಮಣ್ಣು, ಹಸಿ ಅಕ್ಕಿ ತಿನ್ನುವ ಆಸೆಯೂ ಕಬ್ಬಿಣದ ಕೊರತೆಯ ಗುರುತಾಗಿರಬಹುದು. ಅದಕ್ಕೆ ಬೈದು ಪ್ರಯೋಜನವಿಲ್ಲ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. 12 ವರ್ಷ ದಾಟಿದ ಹುಡುಗಿಯರಿಗೆ, 12ರಿಂದ 14ರ ಹುಡುಗರಿಗೆ 12 ಗ್ರಾಂ ಇರಬೇಕು. 15 ದಾಟಿದ ಹುಡುಗರಿಗೆ 13. ಕಡಿಮೆ ಇದ್ದರೆ ಎಷ್ಟು ಮಾತ್ರೆ, ಎಷ್ಟು ದಿನ ಎಂದು ವೈದ್ಯರು ಹೇಳಬೇಕು, ಮೆಡಿಕಲ್ ಶಾಪಿನವರಲ್ಲ.

ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣದ ಮಾತ್ರೆ ಕೊರತೆ ಬರದಂತೆ ತಡೆಯಲು. ಸಾಮಾನ್ಯವಾಗಿ ಸೋಮವಾರ ಕೊಡುತ್ತಾರೆ. ಮಕ್ಕಳು ಇದನ್ನು ಕಿಟಕಿಯಿಂದಾಚೆ ಎಸೆಯುವುದಕ್ಕೆ ಕಾರಣಗಳಿವೆ: ಹೊಟ್ಟೆ ತೊಳೆಸುತ್ತದೆ, ಮಲ ಕಪ್ಪಾಗುತ್ತದೆ. ಮಲ ಕಪ್ಪಾದರೆ ಹೆದರಬೇಕಿಲ್ಲ, ಅದು ಕಬ್ಬಿಣದ ಬಣ್ಣ ಎಂದು ಮೊದಲೇ ಹೇಳಿಡಿ. ಹೊಟ್ಟೆ ತೊಳೆಸದಿರಲು ಊಟವಾದ ಮೇಲೆ ನುಂಗಲಿ, ಖಾಲಿ ಹೊಟ್ಟೆಯಲ್ಲಿ ಬೇಡ. ಅದರ ಜೊತೆಗೇ ಟೀ, ಕಾಫಿ, ಹಾಲು ಕುಡಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ. ಒಂದು ಗಂಟೆಯಾದರೂ ಅಂತರವಿರಲಿ. ನಿಂಬೆಹಣ್ಣು, ನೆಲ್ಲಿಕಾಯಿ, ಸೀಬೆಹಣ್ಣು ಜೊತೆಗಿದ್ದರೆ ಚೆನ್ನಾಗಿ ಹತ್ತುತ್ತದೆ. ನುಗ್ಗೆಸೊಪ್ಪಿನ ಪಲ್ಯಕ್ಕೆ ನಿಂಬೆ ಹಿಂಡಿ, ಹುರುಳಿಕಾಳಿನ ಸಾರಿನ ಜೊತೆ ಮುದ್ದೆ ಕೊಡಿ. ಮೀನು, ಮಾಂಸ ತಿನ್ನುವ ಮನೆಯಾದರೆ ಮಗಳ ತಟ್ಟೆಗೂ ಮಗನಷ್ಟೇ ಬಡಿಸಿ. ಸರ್ಕಾರಿ, ಅನುದಾನಿತ ಶಾಲೆಗಳಲ್ಲಿ ಹತ್ತನೇ ಕ್ಲಾಸಿನವರೆಗೂ ಮೊಟ್ಟೆ ಇದೆ, ತಿನ್ನದವರಿಗೆ ಬಾಳೆಹಣ್ಣು. ದೊಡ್ಡವರಾದೆವು ಎಂದು ನಾಚಿಕೊಂಡು ಬಿಡುವ ಮಕ್ಕಳಿದ್ದಾರೆ, ಕೇಳಿ ನೋಡಿ. ವರ್ಷಕ್ಕೆ ಎರಡು ಸಲ, ಫೆಬ್ರುವರಿ ಮತ್ತು ಆಗಸ್ಟ್ ಹೊತ್ತಿಗೆ, ಜಂತುಹುಳುವಿನ ಮಾತ್ರೆ ಕೊಡುತ್ತಾರೆ. ಅದನ್ನು ಅಗಿದು ತಿನ್ನಲಿ.

ಆರೋಗ್ಯ ಕೇಂದ್ರಕ್ಕೆ ಹೋದಾಗಲೇ ಇನ್ನೆರಡು ಕೆಲಸ ಮುಗಿಸಿ. ಧನುರ್ವಾಯು, ಗಂಟಲುಮಾರಿ ತಡೆಯುವ ಟಿಡಿ ಚುಚ್ಚುಮದ್ದು 10ನೇ ವರ್ಷಕ್ಕೊಂದು, 16ನೇ ವರ್ಷಕ್ಕೊಂದು ಆಗಬೇಕು. ಶಾಲೆ ಇಲ್ಲದ ದಿನಗಳಲ್ಲಿ ತಪ್ಪಿರಬಹುದು. ಇನ್ನೊಂದು ಕಣ್ಣಿನ ಪರೀಕ್ಷೆ. ಬೋರ್ಡು ಕಾಣದೆ ಪಕ್ಕದವರ ನೋಟ್ಸ್ ನೋಡಿ ಬರೆಯುವ ಮಗು ತನಗೆ ಕಣ್ಣು ಕಾಣುವುದಿಲ್ಲ ಎಂದು ತಾನಾಗಿ ಹೇಳುವುದು ಅಪರೂಪ.

ಮೂರು: ಎದುರು ಕೂರಿಸಿಕೊಳ್ಳಬೇಡಿ, ಪಕ್ಕದಲ್ಲಿ ಕೂರಿ

ಬಾ ಇಲ್ಲಿ, ಕೂತ್ಕೋ, ನಿನ್ನ ಹತ್ರ ಮಾತಾಡ್ಬೇಕು ಎಂದರೆ ಹದಿಹರೆಯದವರ ಬಾಯಿ ಮುಚ್ಚಿಹೋಗುತ್ತದೆ. ಅದೇ ಮಗು ಅವರೆಕಾಯಿ ಸುಲಿಯುವಾಗ, ಬೈಕಿನ ಹಿಂದೆ ಕೂತಾಗ, ಬಟ್ಟೆ ಮಡಚುವಾಗ ತಾನಾಗಿ ಮಾತು ತೆಗೆಯುತ್ತದೆ. ಮುಖ ನೋಡಬೇಕಿಲ್ಲ, ಕೈಗೆ ಕೆಲಸವಿದೆ, ಮಾತು ಸಲೀಸು. ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷ ಹೀಗೆ ಜೊತೆಗಿರಿ. ಆ ಹೊತ್ತಿನಲ್ಲಿ ಮಾರ್ಕ್ಸಿನ ಸುದ್ದಿ ಬೇಡ.

ಮಗು ಏನಾದರೂ ಹೇಳಿದರೆ ಕೂಡಲೇ ಪರಿಹಾರ ಕೊಡಲು ಹೋಗಬೇಡಿ. "ಹೌದಾ? ಆಮೇಲೆ ಏನಾಯ್ತು?" ಅಷ್ಟು ಸಾಕು. "ನಾನು ಬಯ್ಯಲ್ಲ ಪುಟ್ಟಾ, ಸುಮ್ನೆ ಕೇಳ್ತೀನಿ" ಎಂದು ಒಮ್ಮೆ ಹೇಳಿದ ಮೇಲೆ ನಿಜವಾಗಿಯೂ ಬಯ್ಯಬೇಡಿ. "ನಮ್ಮ ಕಾಲದಲ್ಲಿ ಹೀಗಿರಲಿಲ್ಲ" ಎನ್ನುವುದು ಬೇಡ. ಅವರು ಕಂಡ ಕಾಲವನ್ನು ಅವರ ವಯಸ್ಸಿನಲ್ಲಿ ನಾವು ಕಂಡಿಲ್ಲ, ಅಲ್ವಾ? ಪಕ್ಕದ ಮನೆ ಹುಡುಗನ ಹೋಲಿಕೆಯಂತೂ ಬೇಡವೇ ಬೇಡ.

ಇದರ ಒಳಗೇ ಇನ್ನೊಂದು ಮಾತು ಇದೆ, ನಮ್ಮ ಮನೆಗಳಲ್ಲಿ ಯಾರೂ ಎತ್ತದ ಮಾತು: ಸಾವು. 2021ರ ಎರಡನೇ ಅಲೆಯಲ್ಲಿ ಅಪ್ಪನನ್ನೋ ಅಜ್ಜಿಯನ್ನೋ ಕಳೆದುಕೊಂಡ ಎಷ್ಟೋ ಮಕ್ಕಳು ಮುಖ ನೋಡಲಿಲ್ಲ, ಮಣ್ಣಿಗೆ ಹೋಗಲಿಲ್ಲ. ಆಂಬುಲೆನ್ಸ್ ಹತ್ತಿ ಹೋದವರು ಮತ್ತೆ ಬರಲಿಲ್ಲ, ಅಷ್ಟೇ. ಆಗ ಅತ್ತರೆ ಅಮ್ಮನಿಗೆ ಕಷ್ಟ ಎಂದು ತಡೆದುಕೊಂಡ ಮಗು ಈಗ ಹದಿನೈದರಲ್ಲಿ ಅದನ್ನೇ ಸಿಟ್ಟಾಗಿ ತೋರಿಸುತ್ತಿರಬಹುದು. ಹೋದವರ ಹೆಸರು ಹೇಳಿ. ಫೋಟೋ ತೆಗೆದು ಕೂತು ನೋಡಿ. ತಿಥಿಯ ದಿನ, ಪಕ್ಷದಲ್ಲಿ ಎಡೆ ಇಡುವಾಗ, ಸಮಾಧಿಗೆ ಹೂವು ಇಡುವಾಗ ಮಗುವಿನ ಕೈಗೂ ಒಂದು ಕೆಲಸ ಕೊಡಿ. ಅಜ್ಜಿಗೆ ಏನು ಇಷ್ಟವಿತ್ತೋ ಅದನ್ನು ಮಾಡಿಸಿ. ಆಗ ಏನಾಯಿತು ಎಂದು ಮಗು ಕೇಳಿದರೆ ನಿಜ ಹೇಳಿ. ನಿಮಗೆ ಅಳು ಬಂದರೆ ಬರಲಿ, ಮಗು ನೋಡಲಿ.

ನಾಲ್ಕು: ಯಾವಾಗ ಸಹಾಯ ಕೇಳಬೇಕು

ಬೇಸರ, ಸಿಡುಕು ಈ ವಯಸ್ಸಿನಲ್ಲಿ ಬಂದು ಹೋಗುತ್ತವೆ. ಎರಡು ವಾರ ದಾಟಿಯೂ ಬಿಡದಿದ್ದರೆ ಸುಮ್ಮನಿರಬೇಡಿ. ಇಷ್ಟದ ಕ್ರಿಕೆಟ್ಟನ್ನೇ ಬಿಟ್ಟಿದ್ದಾನೆ, ಊಟ ಸೇರುವುದಿಲ್ಲ, ಪ್ರತಿ ಸೋಮವಾರ ಬೆಳಿಗ್ಗೆ ಹೊಟ್ಟೆನೋವು, ಗೆಳತಿಯರ ಹೆಸರೇ ಎತ್ತುತ್ತಿಲ್ಲ, ಕೈಯಲ್ಲಿ ಗಾಯದ ಗುರುತು. ಹುಡುಗರಲ್ಲಿ ದುಃಖ ಎಷ್ಟೋ ಸಲ ಕೋಪದ ವೇಷದಲ್ಲೇ ಬರುತ್ತದೆ.

ಬದುಕೋದೇ ಬೇಡ ಎನ್ನುವ ಅರ್ಥದ ಮಾತು ಬಂದರೆ ನೇರವಾಗಿ ಕೇಳಿ: "ಸಾಯ್ಬೇಕು ಅಂತ ಅನ್ಸುತ್ತಾ?" ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂಬ ಹೆದರಿಕೆ ತಪ್ಪು. ಕೇಳಿದವರೊಬ್ಬರು ಇದ್ದಾರೆ ಎನ್ನುವುದೇ ಎಷ್ಟೋ ಭಾರ ಇಳಿಸುತ್ತದೆ. ಹೌದು ಎಂದರೆ ಒಂಟಿಯಾಗಿ ಬಿಡಬೇಡಿ. ಮನೆಯಲ್ಲಿರುವ ಕೀಟನಾಶಕ, ಮಾತ್ರೆಗಳನ್ನು ಬೀಗ ಹಾಕಿಡಿ ಅಥವಾ ಬೇರೆ ಮನೆಗೆ ಸಾಗಿಸಿ. ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ತುರ್ತು ಇದ್ದರೆ 112ಕ್ಕೆ ಕರೆ ಮಾಡಿ.

ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಮಾತಾಡಬಹುದು, ಕನ್ನಡದಲ್ಲೇ. 2022ರ ಅಕ್ಟೋಬರಿನಲ್ಲಿ ಶುರುವಾದ ಈ ಸೇವೆಗೆ ನಿಮ್ಹಾನ್ಸ್ ಮಾರ್ಗದರ್ಶನವಿದೆ. ಮಗುವೇ ಮಾಡಬಹುದು, ನೀವೂ ಮಾಡಬಹುದು. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ. ನಿಮ್ಮಲ್ಲಿ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಹದಿಹರೆಯದವರಿಗೆಂದೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಇದೆ. ಅಲ್ಲಿ ಮೊಡವೆಯಿಂದ ಮುಟ್ಟಿನವರೆಗೆ ಏನು ಬೇಕಾದರೂ ಕೇಳಬಹುದು. ಮಗು ಒಬ್ಬರೇ ಒಳಗೆ ಮಾತಾಡುತ್ತೇನೆ ಎಂದರೆ ನೀವು ಹೊರಗೆ ಬೆಂಚಿನ ಮೇಲೆ ಕೂತಿರಿ.

ಐದು: ಹುಡುಗಿಯರ ಮೇಲೆ ಇನ್ನೊಂದು ಕಣ್ಣು

ಮುಟ್ಟು ಶುರುವಾದ ಮೊದಲೆರಡು ವರ್ಷ ಹಿಂದೆ ಮುಂದೆ ಆಗುವುದು ಸಾಮಾನ್ಯ. ಏಳು ದಿನಕ್ಕಿಂತ ಜಾಸ್ತಿ ರಕ್ತ ಹೋಗುತ್ತಿದ್ದರೆ, ಒಂದೆರಡು ಗಂಟೆಗೇ ಪ್ಯಾಡ್ ನೆನೆದು ಹೋದರೆ, ಮೂರು ತಿಂಗಳಾದರೂ ಮುಟ್ಟು ಬರದಿದ್ದರೆ ವೈದ್ಯರಿಗೆ ತೋರಿಸಿ. ಶಾಲೆಯಲ್ಲಿ ಶುಚಿ ಯೋಜನೆಯ ಪ್ಯಾಡ್ ಸಿಗುತ್ತಿದೆಯೇ, ಶೌಚಾಲಯದಲ್ಲಿ ನೀರಿದೆಯೇ ಎಂದು ಮಗಳನ್ನೇ ಕೇಳಿ. ನೀರಿಲ್ಲದಿದ್ದರೆ ಅವರು ದಿನವಿಡೀ ನೀರು ಕುಡಿಯದೆ ಕೂರುತ್ತಾರೆ.

ಬಡತನ ಬಂದ ಮನೆಯಲ್ಲಿ ಮೊದಲು ಶಾಲೆ ಬಿಡುವವಳು ಹುಡುಗಿ. ಶಾಲೆ ಬಿಟ್ಟವಳಿಗೆ ಗಂಡು ಹುಡುಕುವುದು ಬೇಗ. 18 ತುಂಬದ ಹುಡುಗಿಯ ಮದುವೆ ಕರ್ನಾಟಕದಲ್ಲಿ 2016ರ ತಿದ್ದುಪಡಿಯಿಂದ ಮೊದಲಿನಿಂದಲೇ ಅಸಿಂಧು, ಕಾನೂನಿನ ಮುಂದೆ ಆ ಮದುವೆ ಆಗಿಯೇ ಇಲ್ಲ. ನಿಮ್ಮ ಓಣಿಯಲ್ಲಿ ಅಂಥ ಮಾತುಕತೆ ನಡೆಯುತ್ತಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಶಾಸ್ತ್ರಗಳು ಶುರುವಾಗುವ ಮೊದಲೇ ಮಾಡಿ.

ಈಗ ಪಾಠ, ಆಟ

ಚಿಕ್ಕ ಕ್ಲಾಸಿನಲ್ಲಿ ತಪ್ಪಿದ ಭಾಗಾಕಾರ ಎಂಟನೇ ಕ್ಲಾಸಿನಲ್ಲಿ ಅವಮಾನವಾಗಿ ಕಾಡುತ್ತದೆ. 2022–23ರಲ್ಲಿ ಶಾಲೆಗಳಲ್ಲಿ ಕಲಿಕಾ ಚೇತರಿಕೆ ನಡೆಯಿತು. ಎಲ್ಲರಿಗೂ ಅದು ಸಾಲಲಿಲ್ಲ. ನಾಲ್ಕನೇ ಕ್ಲಾಸಿನ ಪುಸ್ತಕವೊಂದನ್ನು ತಂದು, ತಮ್ಮ ತಂಗಿಯರು ಇಲ್ಲದ ಹೊತ್ತಿನಲ್ಲಿ ಜೊತೆ ಕೂತು ನೋಡಿ. ಎಲ್ಲಿ ಕೊಂಡಿ ತಪ್ಪಿದೆ ಎಂದು ಗೊತ್ತಾದರೆ ಮೇಷ್ಟ್ರಿಗೂ ಕೆಲಸ ಸುಲಭ.

ಆಟ ಮಾತ್ರ ಬಿಡಿಸಬೇಡಿ. ದಿನಕ್ಕೆ ಒಂದು ಗಂಟೆ ಮೈ ಬೆವರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹುಡುಗಿಯರಿಗೂ ಅಷ್ಟೇ. ಖೋ ಖೋ, ಕಬಡ್ಡಿ, ಸೈಕಲ್, ಯಾವುದಾದರೂ ಸರಿ. ಜೊತೆಯವರಿರುವ ಆಟವಾದರೆ ಇನ್ನೂ ಒಳ್ಳೆಯದು, ಆ ಒಂದೂವರೆ ವರ್ಷದಲ್ಲಿ ಇವರಿಗೆ ತಪ್ಪಿದ್ದೇ ಅದು. ಹತ್ತನೇ ಕ್ಲಾಸು ಬಂತೆಂದರೆ ಆಟದ ಪೀರಿಯಡ್ಡನ್ನು ಗಣಿತಕ್ಕೋ ವಿಜ್ಞಾನಕ್ಕೋ ಕೊಟ್ಟುಬಿಡುತ್ತಾರೆ. ಮುಂದಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲೋ ಪೋಷಕರ ಸಭೆಯಲ್ಲೋ ಎದ್ದು ನಿಂತು ಅದನ್ನು ವಾಪಸ್ ಕೇಳಿ. ಒಬ್ಬರೇ ಕೇಳಿದರೆ ತಳ್ಳಿಹಾಕುತ್ತಾರೆ. ನಾಲ್ಕು ಮನೆಯವರು ಸೇರಿ ಕೇಳಿ, ನಡಾವಳಿ ಪುಸ್ತಕದಲ್ಲಿ ಬರೆಸಿ.