ಮೊಟ್ಟೆ ನಿಲ್ಲಿಸಿದ ಕೋಳಿಯನ್ನು ಏನು ಮಾಡಬೇಕು? ನನ್ನ ಅನುಭವ

2023ರ ಯುಗಾದಿಗೆ ಹತ್ತು ದಿನ ಉಳಿದಿತ್ತು. ಆರು ಹೇಂಟೆಗಳಿದ್ದ ಗೂಡಿನಲ್ಲಿ ಆ ಬೆಳಿಗ್ಗೆ ಸಿಕ್ಕಿದ್ದು ಎರಡೇ ಮೊಟ್ಟೆ. ಹಿಂದಿನ ದಿನವೂ ಎರಡೇ. ಬುಟ್ಟಿ ನೋಡಿದ ಅತ್ತೆ, "ಹೊಸತೊಡಕಿಗೆ ಅಂಗಡಿಯಿಂದ ಏಕೆ ತರಬೇಕಮ್ಮ? ಕೂತು ತಿನ್ನುವವು ಮನೆಯಲ್ಲೇ ಇವೆಯಲ್ಲ" ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ತಪ್ಪಿದ್ದು ನಾನು ಆರಿಸಿದ ರೀತಿಯಲ್ಲಿ.

ನಮ್ಮದು ಯಲಹಂಕದ ಕಡೆ ಮನೆ, ಹಿತ್ತಿಲಲ್ಲಿ ಒಂದು ಕೋಣೆಯಷ್ಟು ಜಾಗ. 2020ರಲ್ಲಿ ಐದು ಸ್ವರ್ಣಧಾರಾ ಮರಿಗಳನ್ನು ತಂದಿದ್ದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಗಿರಿರಾಜದ ನಂತರ ಬೆಳೆಸಿದ ತಳಿ ಅದು. ವರ್ಷಕ್ಕೆ 180ರ ಆಸುಪಾಸು ಮೊಟ್ಟೆ ಇಡುತ್ತದೆ ಎನ್ನುತ್ತಾರೆ. ಜೊತೆಗೆ ತವರಿನಿಂದ ಬಂದ ಒಂದು ಕಪ್ಪು ನಾಟಿ ಕೋಳಿ. ಮೊದಲ ಎರಡು ವರ್ಷ ಅಕ್ಕಪಕ್ಕದವರಿಗೂ ಹಂಚುವಷ್ಟು ಮೊಟ್ಟೆ ಸಿಗುತ್ತಿತ್ತು. ಮೂರನೆಯ ವರ್ಷ ಇಳಿಯುತ್ತದೆ ಎಂದು ಗೊತ್ತಿತ್ತು. ಫಾರಂಗಳಲ್ಲಂತೂ ಒಂದೂವರೆ ವರ್ಷ ದಾಟಿದ ಕೋಳಿಗಳನ್ನು ಬಹುಪಾಲು ಮಾರಿಬಿಡುತ್ತಾರೆ. ಆದರೆ ಕೋಳಿಯ ಆಯುಸ್ಸು ಅಲ್ಲಿಗೆ ಮುಗಿಯುವುದಿಲ್ಲ. ಆರೆಂಟು ವರ್ಷ ಬದುಕುವ ಜೀವ ಅದು.

ಯಾವುದು ಇಡುತ್ತಿದೆ, ಯಾವುದು ನಿಲ್ಲಿಸಿದೆ ಎಂದು ತಿಳಿಯಲು ನಾನು ನೋಡಿದ್ದು ಜುಟ್ಟನ್ನು ಮಾತ್ರ. ಇಡುವ ಕೋಳಿಯ ಜುಟ್ಟು ಕೆಂಪಗೆ ತುಂಬಿಕೊಂಡಿರುತ್ತದೆ, ನಿಲ್ಲಿಸಿದ್ದರದು ಬಿಳಿಚಿ ಮುದುಡಿರುತ್ತದೆ. ಎರಡು ಕೋಳಿಗಳ ಜುಟ್ಟು ಕಳೆಗುಂದಿತ್ತು. ಅಷ್ಟಕ್ಕೇ ತೀರ್ಮಾನ ಮಾಡಿಬಿಟ್ಟೆ.

ಹಬ್ಬದ ಮಾರನೆಯ ದಿನ ಪರಿಚಯದ ಅಂಗಡಿಯವರು ಎರಡನ್ನೂ ಕೊಯ್ದು ಪುಕ್ಕ ತೆಗೆದುಕೊಟ್ಟರು. ಮನೆಯಲ್ಲಿ ಅರಿಶಿನ ಹಚ್ಚಿ, ಸುಟ್ಟು, ಅತ್ತೆ ಕತ್ತರಿಸಲು ಕೂತರು. ಮೊದಲನೆಯದರ ಹೊಟ್ಟೆಯಲ್ಲಿ ಕೊಬ್ಬು ಬಿಟ್ಟರೆ ಸಾಸಿವೆಯಂಥ ಕಾಳುಗಳಷ್ಟೇ ಇದ್ದವು. ಎರಡನೆಯದನ್ನು ಸೀಳಿದವರು ಕೈ ನಿಲ್ಲಿಸಿ ನನ್ನನ್ನು ಕರೆದರು. ಕಡಲೆಕಾಳಿನ ಗಾತ್ರದಿಂದ ನೆಲ್ಲಿಕಾಯಿ ಗಾತ್ರದವರೆಗೆ ಹಳದಿ ಮೊಟ್ಟೆಗಳ ಗೊಂಚಲು. "ಇನ್ನು ನಾಲ್ಕೈದು ದಿನಕ್ಕೆ ಇಡುತ್ತಿತ್ತು ಕಣಮ್ಮ" ಎಂದರು. ಆ ಸಾರು ನನಗೆ ಸೇರಲಿಲ್ಲ.

ಆಮೇಲೆ ಹಿಂದಿನದನ್ನೆಲ್ಲ ನೆನೆಸಿಕೊಂಡಾಗ ವಿಷಯ ಬಿಡಿಸಿಕೊಂಡಿತು. ಸಂಕ್ರಾಂತಿಯ ಹೊತ್ತಿಗೆ ಆ ಕೋಳಿ ಪುಕ್ಕ ಉದುರಿಸತೊಡಗಿತ್ತು. ಕತ್ತಿನಿಂದ ಶುರುವಾಗಿ ಬಾಲದವರೆಗೆ ಬೋಳಾಗಿ, ಮತ್ತೆ ಹೊಸ ಪುಕ್ಕ ಬರಲು ಎರಡು ಮೂರು ತಿಂಗಳು ಬೇಕು. ಪುಕ್ಕವೆಂದರೆ ಬಹುಪಾಲು ಪ್ರೋಟೀನು. ತಿಂದದ್ದೆಲ್ಲ ಅದಕ್ಕೆ ಹೋಗುವುದರಿಂದ ಆ ಅವಧಿಯಲ್ಲಿ ಮೊಟ್ಟೆ ನಿಲ್ಲುತ್ತದೆ, ಜುಟ್ಟೂ ಬಿಳಿಚುತ್ತದೆ. ಅದು ಮುಪ್ಪಲ್ಲ, ಬಿಡುವು. ಚಳಿಗಾಲದಲ್ಲಿ ಹಗಲು ಕುಗ್ಗುವುದೇ ಇದಕ್ಕೆ ಕಾರಣವೆಂದು ಚಳಿದೇಶಗಳ ಸಲಹೆಗಳಲ್ಲಿ ಓದಿದ್ದೆ. ನಮ್ಮ ಬೆಂಗಳೂರಿನಲ್ಲಿ ಡಿಸೆಂಬರಿಗೂ ಜೂನಿಗೂ ಹಗಲಿನ ವ್ಯತ್ಯಾಸ ಒಂದೂವರೆ ಗಂಟೆಯಷ್ಟೇ. ಹಾಗಾಗಿ ಇಲ್ಲಿ ಎಲ್ಲವೂ ಒಟ್ಟಿಗೆ ಉದುರಿಸುವುದಿಲ್ಲ. ನಮ್ಮ ಗೂಡಿನಲ್ಲಿ ಒಂದು ಸಂಕ್ರಾಂತಿಗೆ, ಇನ್ನೊಂದು ಗೌರಿ ಹಬ್ಬಕ್ಕೆ. ಏಪ್ರಿಲಿನ ಸೆಕೆಗೂ ಮೊಟ್ಟೆ ಕಡಿಮೆಯಾಗುತ್ತದೆ, ಆಗಲೂ ಕೋಳಿ ಮುದಿಯಾಯಿತು ಎಂದುಕೊಳ್ಳಬಾರದು.

ಈಗ ನಾನು ಮಾಡುವುದು ಹೀಗೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಯಾವ ಕೋಳಿ ಯಾವಾಗ ಪುಕ್ಕ ಉದುರಿಸಲು ಶುರುಮಾಡಿತು ಎಂದು ಬರೆದಿಡುತ್ತೇನೆ. ಅಲ್ಲಿಂದ ನಾಲ್ಕು ತಿಂಗಳು ಅದರ ವಿಷಯದಲ್ಲಿ ಯಾವ ತೀರ್ಮಾನವೂ ಇಲ್ಲ. ಆಮೇಲೂ ಅನುಮಾನವಿದ್ದರೆ ರಾತ್ರಿ ಎತ್ತಿಕೊಳ್ಳುತ್ತೇನೆ, ಕತ್ತಲಲ್ಲಿ ಕೋಳಿ ಗಾಬರಿಯಾಗುವುದಿಲ್ಲ. ಮೊಟ್ಟೆ ಬರುವ ದ್ವಾರದ ಕೆಳಗೆ ಎರಡು ತೆಳು ಮೂಳೆಗಳ ತುದಿ ಕೈಗೆ ಸಿಗುತ್ತದೆ. ಅವುಗಳ ನಡುವೆ ಎರಡು ಮೂರು ಬೆರಳು ಹಿಡಿಸಿದರೆ ಕೋಳಿ ಇಡುತ್ತಿದೆ, ಒಂದೇ ಬೆರಳಿಗೆ ಬಿಗಿಯಾದರೆ ಇಲ್ಲ. ಇಡುವ ಕೋಳಿಯ ದ್ವಾರ ಅಗಲವಾಗಿ ತೇವವಾಗಿರುತ್ತದೆ, ನಿಲ್ಲಿಸಿದ್ದರದು ಒಣಗಿ ಸುಕ್ಕುಗಟ್ಟಿರುತ್ತದೆ. ಕೊನೆಗೆ ಅದನ್ನು ಹತ್ತು ದಿನ ಬೇರೆ ಗೂಡಿನಲ್ಲಿಟ್ಟು ನೋಡುತ್ತೇನೆ. ಇಷ್ಟಾದರೂ ಮೊಟ್ಟೆ ಕಾಣದಿದ್ದರೆ ಮಾತ್ರ ಮುಂದಿನ ಮಾತು.

ಕೊಯ್ಯುವುದಾದರೆ ಹಿಂದಿನ ರಾತ್ರಿಯಿಂದ ಕಾಳಿಲ್ಲ, ನೀರು ಮಾತ್ರ. ಸ್ಕೂಟರಿನ ಹಿಡಿಕೆಗೆ ತಲೆಕೆಳಗಾಗಿ ತೂಗುಹಾಕಿಕೊಂಡು ಹೋಗುವುದನ್ನು ನಾನು ಒಪ್ಪುವುದಿಲ್ಲ. ಮೂರು ವರ್ಷ ಮೊಟ್ಟೆ ಕೊಟ್ಟಿದ್ದನ್ನು ಬುಟ್ಟಿಯಲ್ಲಿ ಒಯ್ಯುವುದಕ್ಕೇನು ಕಷ್ಟ? ಮುದಿ ಕೋಳಿಯ ಮಾಂಸ ಗಟ್ಟಿ. ಒಂದು ದಿನ ಫ್ರಿಜ್ಜಿನಲ್ಲಿಟ್ಟು, ಸಣ್ಣ ಉರಿಯಲ್ಲಿ ಎರಡು ಗಂಟೆ ಬೇಯಿಸಿದರೆ ಮುದ್ದೆಗೆ ಅಂಥ ಸಾರು ಎಳೆಯ ಕೋಳಿಯಿಂದ ಬರುವುದಿಲ್ಲ. ಕಾಯಿಲೆ ಬಿದ್ದ ಕೋಳಿಯನ್ನು ಮಾತ್ರ ತಿನ್ನುವುದಿಲ್ಲ. ಔಷಧಿ ಕೊಟ್ಟಿದ್ದರೆ ಎಷ್ಟು ದಿನ ಬಿಡಬೇಕೆಂದು ಪಶುವೈದ್ಯರನ್ನು ಕೇಳುತ್ತೇನೆ.

ಕಪ್ಪು ನಾಟಿ ಕೋಳಿಯನ್ನು ಇಟ್ಟುಕೊಂಡೆ. ಈಗ ವರ್ಷಕ್ಕೆ ಹತ್ತು ಹದಿನೈದು ಮೊಟ್ಟೆ ಇಟ್ಟರೆ ಹೆಚ್ಚು, ಆದರೆ ಕಾವಿಗೆ ಕೂತರೆ ಕದಲುವುದಿಲ್ಲ. ತವರಿನಿಂದ ತಂದ ಒಂಬತ್ತು ಮೊಟ್ಟೆ ಇಟ್ಟೆವು. ಇಪ್ಪತ್ತೊಂದನೆಯ ದಿನ ಏಳು ಮರಿ. ಇನ್‌ಕ್ಯುಬೇಟರ್ ಮರಿ ಮಾಡೀತು, ಹದ್ದು ಕಂಡಾಗ ರೆಕ್ಕೆಯೊಳಗೆ ಕರೆದುಕೊಳ್ಳುವುದಿಲ್ಲ. ಇದರ ಆಹಾರ ಬದಲಿಸಿದ್ದೇನೆ. ಮೊಟ್ಟೆ ಕೋಳಿಯ ಫೀಡಿನಲ್ಲಿ ಕ್ಯಾಲ್ಸಿಯಂ ಶೇಕಡಾ ಮೂರೂವರೆ, ನಾಲ್ಕರಷ್ಟಿರುತ್ತದೆ. ಇಡದ ಕೋಳಿಗೆ ಅದು ಮೂತ್ರಪಿಂಡಕ್ಕೆ ಭಾರ. ಎಲ್ಲಕ್ಕೂ ಬೆಳೆಯುವ ಕೋಳಿಯ ಫೀಡು ಹಾಕಿ, ಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿಡುತ್ತೇನೆ. ಬೇಕಾದವು ತಾವೇ ಹೋಗಿ ತಿನ್ನುತ್ತವೆ. ಒಂದು ಕೋಳಿಗೆ ವರ್ಷಕ್ಕೆ ಸುಮಾರು 40 ಕಿಲೋ ಆಹಾರ ಬೇಕು, ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಒಂದನ್ನು ಉಳಿಸಿಕೊಂಡಿದ್ದೇನೆ, ಆರನ್ನಲ್ಲ.

ಕೆಲವರು ಕೆರೆಯಂಗಳದಲ್ಲಿ ಬಿಟ್ಟು ಬರುತ್ತಾರೆ. ಕತ್ತಲಾಗುವುದರೊಳಗೆ ನಾಯಿಗಳ ಪಾಲಾಗುವ ಕೋಳಿಯನ್ನು "ಬಿಡುಗಡೆ ಮಾಡಿದೆ" ಎನ್ನುವವರ ಮೇಲೆ ನನಗೆ ಸಿಟ್ಟು ಬರುತ್ತದೆ.

ಉಳಿದ ಮೂರು ಸ್ವರ್ಣಧಾರಾಗಳಲ್ಲಿ ಒಂದನ್ನು ಮರುವರ್ಷ ಪರೀಕ್ಷಿಸಿ ಕೊಯ್ದೆವು. ಹೊಟ್ಟೆಯಲ್ಲಿ ಸಾಸಿವೆ ಕಾಳುಗಳಷ್ಟೇ ಇದ್ದವು. ಇನ್ನೊಂದು ಈಗ ಪುಕ್ಕ ಉದುರಿಸುತ್ತಿದೆ. ಅತ್ತೆ ನಿನ್ನೆ ಬುಟ್ಟಿ ನೋಡಿ, ಕ್ಯಾಲೆಂಡರನ್ನೂ ನೋಡಿ, ಏನೂ ಹೇಳದೆ ಒಂದು ಹಿಡಿ ನೆನೆಸಿದ ಕಡಲೆಯನ್ನು ಅದರ ಮುಂದೆ ಹಾಕಿ ಬಂದರು.