ಒತ್ತಕ್ಷರ ಕಾಣುವ ಪರದೆ: ಮನೆಯ ಕೆಲಸಕ್ಕೆ ನಾನು ಮಾನಿಟರ್ ಆರಿಸಿದ್ದು

ತುಮಕೂರಿನ ಎಸ್.ಎಸ್. ಪುರಂನಲ್ಲಿರುವ ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ಕುಳಿತು ನಾನು ಕನ್ನಡ ಪುಸ್ತಕಗಳ ಪುಟವಿನ್ಯಾಸ ಮಾಡುತ್ತೇನೆ, ಕರಡು ತಿದ್ದುತ್ತೇನೆ. ಮೊದಲು ಮುದ್ರಣಾಲಯವೊಂದರ ಡಿಟಿಪಿ ವಿಭಾಗದಲ್ಲಿದ್ದೆ. ಮನೆಯಿಂದಲೇ ಕೆಲಸ ಶುರುಮಾಡಿದಾಗ ಪರದೆ ದೊಡ್ಡದಿದ್ದರೆ ಸಾಕೆಂದು ಭಾವಿಸಿ ಮೂಲೆಯಿಂದ ಮೂಲೆಗೆ 27 ಇಂಚಿನ, 1920×1080 ಪಿಕ್ಸೆಲ್‌ಗಳ (ಚಿತ್ರವನ್ನು ಮೂಡಿಸುವ ಚುಕ್ಕೆಗಳ) ಒಂದು ಮಾನಿಟರನ್ನು ಬೆಲೆ ಕಡಿಮೆಯೆಂಬ ಕಾರಣಕ್ಕೇ ಕೊಂಡಿದ್ದೆ. ಆ ಪರದೆಯ ಮೇಲೆ ಮೂರು ಸಲ ಓದಿ ಮುದ್ರಣಕ್ಕೆ ಕಳುಹಿಸಿದ ಸ್ಮರಣ ಸಂಚಿಕೆಯೊಂದರಲ್ಲಿ, ಕೃತಜ್ಞತೆಯ ಪುಟದ ಸಣ್ಣ ಅಕ್ಷರಗಳ ಸಾಲಿನಲ್ಲಿ, ‘ಧನಸಹಾಯ’ ಎಂಬುದು ‘ದನಸಹಾಯ’ವಾಗಿ ಅಚ್ಚಾಯಿತು. ಹಣ ಕೊಟ್ಟ ಹಿರಿಯರ ಮುಂದೆ ತಲೆ ತಗ್ಗಿಸಬೇಕಾಯಿತು, 16 ಪುಟಗಳ ಒಂದು ಫಾರ್ಮನ್ನು ನನ್ನ ಖರ್ಚಿನಲ್ಲಿ ಮತ್ತೆ ಮುದ್ರಿಸಿಕೊಡಬೇಕಾಯಿತು. ತಪ್ಪು ನನ್ನದೇ. ಆದರೆ ಆ ಪುಟವನ್ನು ಅದೇ ಪರದೆಯ ಮೇಲೆ ಮತ್ತೆ ತೆರೆದು ನೋಡಿದಾಗ, ಶಾಲೆಯಲ್ಲಿ ಮೇಷ್ಟ್ರು ‘ಹೊಟ್ಟೆ ಸೀಳು’ ಎಂದು ಹೇಳಿಕೊಟ್ಟಿದ್ದ ಆ ಸಣ್ಣ ಗೀಟು ಇದೆಯೋ ಇಲ್ಲವೋ ಎಂಬುದು ಅಲ್ಲಿ ನಿಚ್ಚಳವಾಗಿ ಕಾಣುತ್ತಲೇ ಇರಲಿಲ್ಲ.

ಅಂದಿನಿಂದ ನಾನು ಮಾನಿಟರನ್ನು ಅಳೆಯುವ ಕ್ರಮ ಬದಲಾಯಿತು. ಪುಸ್ತಕದ ಒಳಪುಟಗಳಿಗೆ ನಾವು ಸಾಮಾನ್ಯವಾಗಿ ಬಳಸುವ 12 ಪಾಯಿಂಟ್ ಎಂದರೆ ಒಂದು ಇಂಚಿನ ಆರನೆಯ ಒಂದು ಭಾಗ. ನನ್ನ ಹಳೆಯ ಮಾನಿಟರಿನಲ್ಲಿ ಒಂದು ಇಂಚಿಗೆ ಸುಮಾರು 82 ಪಿಕ್ಸೆಲ್‌ಗಳಿದ್ದವು; ಅಂದರೆ ಪುಟವನ್ನು ನಿಜವಾದ ಅಳತೆಯಲ್ಲಿ ನೋಡಿದರೆ ಒಂದು ಸಾಲಿನ ಅಕ್ಷರದ ಎತ್ತರಕ್ಕೆ ದೊರೆಯುತ್ತಿದ್ದುದು ಹೆಚ್ಚೆಂದರೆ 14 ಪಿಕ್ಸೆಲ್. ಇಂಗ್ಲಿಷ್ ಅಕ್ಷರಕ್ಕೆ ಅಷ್ಟು ಸಾಕಾಗಬಹುದು. ಕನ್ನಡದಲ್ಲಿ ಮೇಲೆ ಗುಡಿಸು, ನಡುವೆ ಮೂಲಾಕ್ಷರ, ಕೆಳಗೆ ಒತ್ತು, ‘ಸ್ವಾತಂತ್ರ್ಯ’ದಂಥ ಪದದಲ್ಲಿ ಒತ್ತಿನ ಬಳಿ ಇನ್ನೊಂದು ಒತ್ತು, ಇವೆಲ್ಲ ಅಷ್ಟರಲ್ಲೇ ಹಿಡಿಸಬೇಕು. ಒತ್ತಿನ ಪಾಲಿಗೆ ನಾಲ್ಕು ಪಿಕ್ಸೆಲ್ ಬಂದರೆ ಹೆಚ್ಚು. ದ–ಧ, ಬ–ಭ, ಡ–ಢಗಳ ನಡುವಿನ ವ್ಯತ್ಯಾಸವಂತೂ ಒಂದೇ ಪಿಕ್ಸೆಲ್ಲಿನ ಬೂದು ಬಣ್ಣವಾಗಿ ಉಳಿಯುತ್ತದೆ. ಪುಟವನ್ನು ಹಿಗ್ಗಿಸಿ ನೋಡಬಹುದು ನಿಜ, ಆದರೆ 200 ಪುಟಗಳ ಪುಸ್ತಕವನ್ನು ಹಿಗ್ಗಿಸಿ, ಪಕ್ಕಕ್ಕೆ ಸರಿಸಿ, ಮತ್ತೆ ಸರಿಸಿ ಓದುವವರಿಗೆ ವಾಕ್ಯದ ಓಟ ಕೈತಪ್ಪುತ್ತದೆ, ಓಟ ತಪ್ಪಿದಲ್ಲಿ ತಪ್ಪುಗಳೂ ಕಣ್ತಪ್ಪುತ್ತವೆ.

ಆದ್ದರಿಂದ ಕಾಗದದ ಮೇಲೆ ಲೆಕ್ಕ ಹಾಕಿದೆ. ಅದೇ 1920×1080 ಪಿಕ್ಸೆಲ್‌ಗಳು 24 ಇಂಚಿನ ಪರದೆಯಲ್ಲಿದ್ದರೆ ಇಂಚಿಗೆ 92 ಪಿಕ್ಸೆಲ್ ಆಗುತ್ತದೆ. 27 ಇಂಚಿನಲ್ಲಿ 2560×1440 ಇದ್ದರೆ ಸುಮಾರು 109. ಅದೇ 27 ಇಂಚಿನಲ್ಲಿ 4ಕೆ, ಅಂದರೆ 3840×2160, ಇದ್ದರೆ ಸುಮಾರು 163. ಕೊನೆಯದರಲ್ಲಿ 12 ಪಾಯಿಂಟಿನ ಅಕ್ಷರಕ್ಕೆ 27 ಪಿಕ್ಸೆಲ್ ಸಿಗುತ್ತದೆ, ಹಳೆಯದರ ಹೆಚ್ಚುಕಡಿಮೆ ಎರಡರಷ್ಟು. 32 ಇಂಚಿನ 4ಕೆ ಪರದೆಯಲ್ಲಿ ಇದು ಮತ್ತೆ 138ಕ್ಕೆ ಇಳಿಯುತ್ತದೆ, ನನ್ನ ಮೇಜಿಗೂ ಅದು ಅಗಲ ಹೆಚ್ಚು. ಅಳತೆಯ ವಿಷಯದಲ್ಲಿ 27 ಇಂಚಿಗೆ ಇನ್ನೊಂದು ಅನುಕೂಲವಿದೆ: ಅದರ ಪರದೆಯ ಎತ್ತರ ಸುಮಾರು 33.6 ಸೆಂ.ಮೀ. ಇರುವುದರಿಂದ 29.7 ಸೆಂ.ಮೀ. ಎತ್ತರದ ಎ4 ಪುಟ ನಿಜವಾದ ಅಳತೆಯಲ್ಲಿ ಪೂರ್ತಿ ನಿಲ್ಲುತ್ತದೆ, ಮೇಲೆ ಮೆನುಪಟ್ಟಿಗೂ ಜಾಗ ಉಳಿಯುತ್ತದೆ. 24 ಇಂಚಿನಲ್ಲಿ ಪುಟದ ಕೊನೆಯ ಸಾಲುಗಳು ಕೆಳಗೆ ಮರೆಯಾಗುತ್ತವೆ.

ಲೆಕ್ಕ ಸರಿಯಿದ್ದರೂ ಕಣ್ಣಿನಿಂದ ನೋಡದೆ ಕೊಳ್ಳಬಾರದೆಂದು ನಿರ್ಧರಿಸಿ, ಒಂದು ಪರೀಕ್ಷಾ ಪುಟವನ್ನು ಸಿದ್ಧಪಡಿಸಿದೆ. ಅದರಲ್ಲಿ ‘ಧನ–ದನ’, ‘ಭಾರ–ಬಾರ’, ‘ಫಲ–ಪಲ’ ಎಂಬ ಜೋಡಿಗಳು, ‘ರಾಷ್ಟ್ರ’, ‘ತೀಕ್ಷ್ಣ’, ‘ಅರ್ಘ್ಯ’, ‘ಉತ್ಕೃಷ್ಟ’ದಂಥ ಪದಗಳು, ದೀರ್ಘವಿರುವ ‘ಕೇ’ ಮತ್ತು ಇಲ್ಲದ ‘ಕೆ’, ಇವೆಲ್ಲ 9, 10, 11, 12 ಪಾಯಿಂಟುಗಳಲ್ಲಿದ್ದವು. ಅದೇ ಪುಟವನ್ನು ಕಾಗದದ ಮೇಲೂ ಮುದ್ರಿಸಿಕೊಂಡು, ನನ್ನ ಲ್ಯಾಪ್‌ಟಾಪ್ ಹಿಡಿದು ಬಿ.ಎಚ್. ರಸ್ತೆಯ ಕಂಪ್ಯೂಟರ್ ಅಂಗಡಿಗೆ ಹೋದೆ. ಅಂಗಡಿಯವರು ಮೊದಲು ಬಣ್ಣಬಣ್ಣದ ವಿಡಿಯೊ ಓಡುತ್ತಿದ್ದ ಬಾಗಿದ ಪರದೆಯನ್ನು ತೋರಿಸಿ, “ಸಾರ್, ಇದು ಕಣ್ಣಿಗೆ ತುಂಬಾ ಚೆನ್ನಾಗಿರುತ್ತೆ” ಎಂದರು. ಬಾಗಿದ ಪರದೆ ನನಗೆ ಬೇಡವಾಗಿತ್ತು, ಏಕೆಂದರೆ ಪುಟದ ಅಂಚು ನೇರವಾಗಿದೆಯೇ ಎಂದು ನೋಡುವುದೇ ನನ್ನ ಕೆಲಸ. ನನ್ನ ಪುಟವನ್ನು ಹಾಕಿ ತೋರಿಸಲು ಕೇಳಿಕೊಂಡಾಗ ಅವರು ಬೇಸರಿಸದೆ ಮೂರು ಮಾನಿಟರುಗಳಿಗೆ ಒಂದೊಂದಾಗಿ ಜೋಡಿಸಿಕೊಟ್ಟರು. ಮುದ್ರಿತ ಹಾಳೆಯನ್ನು ಪರದೆಯ ಪಕ್ಕದಲ್ಲಿ ಹಿಡಿದು, ಮನೆಯಲ್ಲಿ ಕುಳಿತುಕೊಳ್ಳುವಷ್ಟೇ ದೂರದಿಂದ, ಅಂದರೆ ಒಂದು ತೋಳಿನಷ್ಟು ದೂರದಿಂದ, ಓದಿದೆ. 2560×1440ರ ಪರದೆಯಲ್ಲಿ 12 ಪಾಯಿಂಟಿನ ಅಕ್ಷರ ತಕ್ಕಮಟ್ಟಿಗೆ ಸ್ಪಷ್ಟವಾಗಿತ್ತು, 10 ಪಾಯಿಂಟಿನ ‘ಧ’ ಮಾತ್ರ ಅನುಮಾನ ಹುಟ್ಟಿಸಿತು. 4ಕೆ ಪರದೆಯಲ್ಲಿ 9 ಪಾಯಿಂಟಿನ ‘ತೀಕ್ಷ್ಣ’ದ ಒತ್ತೂ ಕಾಗದದ ಮೇಲಿನಂತೆಯೇ ಕಂಡಿತು. ಹೆಚ್ಚು ಹಣ ಕೊಡುವುದು ಯಾವುದಕ್ಕೆ ಎಂಬ ಪ್ರಶ್ನೆಗೆ ನನಗೆ ಅಲ್ಲೇ ಉತ್ತರ ಸಿಕ್ಕಿತು. ಲೆಕ್ಕಪತ್ರ ಬರೆಯುವವರಿಗೂ ಮಿಂಚಂಚೆ ನೋಡುವವರಿಗೂ 24 ಇಂಚಿನ ಸಾಮಾನ್ಯ ಪರದೆ ಸಾಕು ಎಂದೇ ಈಗಲೂ ಹೇಳುತ್ತೇನೆ.

ಪ್ಯಾನೆಲ್‌ಗಳಲ್ಲಿ, ಅಂದರೆ ಚಿತ್ರ ಮೂಡಿಸುವ ಫಲಕಗಳಲ್ಲಿ, ವಿಎ ಎಂಬ ಬಗೆಯದರಲ್ಲಿ ಕಪ್ಪು ಹೆಚ್ಚು ಗಾಢವಾಗಿರುತ್ತದೆ, ಚಲನಚಿತ್ರ ನೋಡಲು ಅದು ಒಳ್ಳೆಯದು. ಐಪಿಎಸ್ ಬಗೆಯದರಲ್ಲಿ ಪಕ್ಕದಿಂದ ನೋಡಿದರೂ ಬಣ್ಣ ಕೆಡುವುದಿಲ್ಲ. ಮುಖಪುಟ ತೋರಿಸಲು ಲೇಖಕರು ಮನೆಗೆ ಬಂದಾಗ ನನ್ನ ಪಕ್ಕದಲ್ಲಿಯೇ ಕುಳಿತುಕೊಳ್ಳುತ್ತಾರಾದ್ದರಿಂದ ಐಪಿಎಸ್ ಆರಿಸಿದೆ. ಸುಮಾರು 27,000 ರೂಪಾಯಿ ಆಯಿತು. ಆಟವಾಡುವವರಿಗೆ ಬೇಕಾದ 144 ಹರ್ಟ್ಸ್ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ ವೇಗ), ಒಳಗೇ ಇರುವ ಸ್ಪೀಕರ್, ಇವುಗಳಿಗೆ ನಾನು ಹಣ ಕೊಡಲಿಲ್ಲ.

ಮನೆಗೆ ತಂದ ದಿನವೇ ಪರದೆಯನ್ನು ಪೂರ್ತಿ ಬಿಳಿ, ಕಪ್ಪು, ಕೆಂಪು, ಹಸಿರು, ನೀಲಿ ಮಾಡಿ ಸತ್ತ ಪಿಕ್ಸೆಲ್ ಇದೆಯೇ ಎಂದು ಮೂಲೆ ಮೂಲೆ ಹುಡುಕಿದೆ. ಇದನ್ನು ಮೊದಲ ದಿನವೇ ಮಾಡಬೇಕು, ಏಕೆಂದರೆ ಬದಲಾಯಿಸಿಕೊಳ್ಳುವ ಅವಧಿ ಮುಗಿದ ಮೇಲೆ ಒಂದೆರಡು ಚುಕ್ಕೆಗಳಿಗಾಗಿ ವಾರಂಟಿಯಲ್ಲಿ ಬದಲಿ ಸಿಗುವುದು ಕಷ್ಟ. ಕರಡು ತಿದ್ದುವವರಿಗೆ ಬಿಳಿಯ ಪುಟದಲ್ಲಿ ಸದಾ ಒಂದೇ ಜಾಗದಲ್ಲಿ ನಿಂತ ಕಪ್ಪು ಚುಕ್ಕೆ ಪೂರ್ಣವಿರಾಮದಂತೆ ಕಾಣುತ್ತದೆ.

ತೊಡಕು ಬಂದದ್ದು ಕೇಬಲ್ ಜೋಡಿಸುವ ಕಿಂಡಿಯಲ್ಲಿ. ಅಂಗಡಿಯಲ್ಲಿ ನಿಂತ ಪುಟವನ್ನಷ್ಟೇ ನೋಡಿದ್ದರಿಂದ ಗೊತ್ತಾಗಿರಲಿಲ್ಲ. ಮನೆಯಲ್ಲಿ ಪುಟಗಳನ್ನು ಮೇಲೆ ಕೆಳಗೆ ಸರಿಸಿದಾಗ ಅವು ತಡವರಿಸಿದವು, ಮೌಸಿನ ಬಾಣ ಕೈಗಿಂತ ಹಿಂದೆ ಬಿದ್ದಂತಾಯಿತು. ನನ್ನ ಲ್ಯಾಪ್‌ಟಾಪಿನ ಎಚ್‌ಡಿಎಂಐ ಕಿಂಡಿ 1.4 ಆವೃತ್ತಿಯದು, ಅದು 4ಕೆ ಚಿತ್ರವನ್ನು ಸೆಕೆಂಡಿಗೆ 30 ಸಲ ಮಾತ್ರ ಕಳುಹಿಸಬಲ್ಲದು, 60 ಸಲ ಬೇಕಾದರೆ ಎಚ್‌ಡಿಎಂಐ 2.0 ಅಥವಾ ಡಿಸ್‌ಪ್ಲೇಪೋರ್ಟ್ ಎಂಬ ಇನ್ನೊಂದು ಬಗೆಯ ಕಿಂಡಿಯ 1.2 ಆವೃತ್ತಿ ಬೇಕು. ಅದೃಷ್ಟಕ್ಕೆ ಅದೇ ಲ್ಯಾಪ್‌ಟಾಪಿನ ಟೈಪ್-ಸಿ ಕಿಂಡಿಯಲ್ಲಿ ಚಿತ್ರ ಕಳುಹಿಸುವ ಸೌಲಭ್ಯವಿತ್ತು. ಎಲ್ಲ ಟೈಪ್-ಸಿ ಕಿಂಡಿಗಳಲ್ಲೂ ಅದು ಇರುವುದಿಲ್ಲ. ಟೈಪ್-ಸಿಯಿಂದ ಡಿಸ್‌ಪ್ಲೇಪೋರ್ಟಿಗೆ ಹೋಗುವ ಕೇಬಲ್ ತರಿಸಿದ ಮೇಲೆ ತಡವರಿಕೆ ನಿಂತಿತು. 4ಕೆ ಕೊಳ್ಳುವ ಮೊದಲು ನಿಮ್ಮ ಕಂಪ್ಯೂಟರಿನ ಕಿಂಡಿ ಯಾವುದೆಂದು ನೋಡಿಕೊಳ್ಳಿ.

ವಿಂಡೋಸ್‌ನಲ್ಲಿ ಹಿಗ್ಗುವಿಕೆಯನ್ನು 150 ಪ್ರತಿಶತಕ್ಕೆ ಇಟ್ಟಿದ್ದೇನೆ. ಆಗ ಕೆಲಸದ ಜಾಗ 2560×1440ರಷ್ಟಿರುತ್ತದೆ, ಅಕ್ಷರದ ನುಣುಪು 4ಕೆಯದಾಗಿರುತ್ತದೆ. ನಮ್ಮಲ್ಲಿ ಅನೇಕರು ಇನ್ನೂ ‘ನುಡಿ’ ಕನ್ನಡ ತಂತ್ರಾಂಶದ ಅಕ್ಷರಗಳೊಂದಿಗೆ ಪೇಜ್‌ಮೇಕರ್ ಎಂಬ ಹಳೆಯ ಪುಟವಿನ್ಯಾಸ ತಂತ್ರಾಂಶವನ್ನು ಬಳಸುತ್ತಾರೆ, ನನಗೂ ಹಳೆಯ ಕಡತಗಳಿಗಾಗಿ ಅದು ಬೇಕೇ ಬೇಕು. ಇಂಥ ಪರದೆಗಳು ಮನೆಗೆ ಬರುವುದಕ್ಕೆ ಎಷ್ಟೋ ಮೊದಲು ರೂಪುಗೊಂಡ ತಂತ್ರಾಂಶವಾದ್ದರಿಂದ ವಿಂಡೋಸ್ ಅದರ ಚಿತ್ರವನ್ನೇ ಎಳೆದು ದೊಡ್ಡದು ಮಾಡುತ್ತಿತ್ತು, ಅಕ್ಷರಗಳು ಮಸುಕಾಗುತ್ತಿದ್ದವು. ತಂತ್ರಾಂಶದ ಐಕಾನಿನ ಮೇಲೆ ಬಲಗುಂಡಿ ಒತ್ತಿ, ಪ್ರಾಪರ್ಟೀಸ್‌ನ ಕಂಪ್ಯಾಟಿಬಿಲಿಟಿ ವಿಭಾಗದಲ್ಲಿ ಹೈ ಡಿಪಿಐ ಹಿಗ್ಗುವಿಕೆಯನ್ನು ಆ ತಂತ್ರಾಂಶಕ್ಕೇ ಬಿಟ್ಟುಕೊಡುವಂತೆ ಬದಲಾಯಿಸಿದಾಗ ಮೆನುಗಳು ಚಿಕ್ಕದಾದವು, ಪುಟ ಮಾತ್ರ ಚೂಪಾಯಿತು. ಮೆನು ನನಗೆ ಬಾಯಿಪಾಠವಾದ್ದರಿಂದ ಇದು ಒಪ್ಪಿಗೆಯಾಯಿತು.

ನಾನು ಪ್ರೋಗ್ರೆಸಿವ್ ಕನ್ನಡಕ ಹಾಕುತ್ತೇನೆ. ಹತ್ತಿರದ್ದನ್ನು ಓದುವ ಭಾಗ ಕೆಳಗಿರುವುದರಿಂದ, ಪರದೆ ಎತ್ತರದಲ್ಲಿದ್ದರೆ ಗದ್ದ ಮೇಲೆತ್ತಿ ಓದಬೇಕಾಗಿ ಸಂಜೆಗೆ ಕುತ್ತಿಗೆ ಹಿಡಿಯುತ್ತಿತ್ತು. ಮೇಲಂಚು ಕಣ್ಣಿನ ಮಟ್ಟದಲ್ಲಿರಬೇಕೆಂಬ ಸಾಮಾನ್ಯ ಸಲಹೆಗಿಂತ ನಾಲ್ಕು ಬೆರಳು ಕೆಳಗೆ ಇಳಿಸಿದ ಮೇಲೆ ಸರಿಹೋಯಿತು, ಎತ್ತರ ಬದಲಾಯಿಸಬಹುದಾದ ಸ್ಟ್ಯಾಂಡ್ ಇದ್ದುದರಿಂದಲೇ ಅದು ಸಾಧ್ಯವಾಯಿತು. ದೇವರಾಯನದುರ್ಗದ ದಿಕ್ಕಿಗೆ ತೆರೆಯುವ ಪೂರ್ವದ ಕಿಟಕಿ ಮೊದಲು ನನ್ನ ಬೆನ್ನ ಹಿಂದಿತ್ತು, ಬೆಳಗಿನ ಬಿಸಿಲು ಪರದೆಯ ಮೇಲೆಯೇ ಬೀಳುತ್ತಿತ್ತು. ಮೇಜನ್ನು ತಿರುಗಿಸಿ ಕಿಟಕಿ ಎಡಗೈಗೆ ಬರುವಂತೆ ಮಾಡಿದೆ. ಪರದೆಯ ಪಕ್ಕದಲ್ಲಿ ಪುಸ್ತಕ ಮುದ್ರಣಕ್ಕೆ ಬಳಸುವ ಒಂದು ಮ್ಯಾಪ್‌ಲಿಥೋ ಹಾಳೆಯನ್ನು ಹಿಡಿದು, ಎರಡರ ಬಿಳುಪು ಒಂದೇ ಎನಿಸುವವರೆಗೆ ಪರದೆಯ ಬೆಳಕನ್ನು ತಗ್ಗಿಸುತ್ತೇನೆ. ಹಗಲಿಗೊಂದು ಮಟ್ಟ, ರಾತ್ರಿಗೊಂದು ಮಟ್ಟ.

ಕರೆಂಟ್ ಹೋದಾಗ ಲ್ಯಾಪ್‌ಟಾಪ್ ತನ್ನ ಬ್ಯಾಟರಿಯಲ್ಲಿ ನಡೆಯುತ್ತದೆ, ಮಾನಿಟರ್ ಆರಿಹೋಗುತ್ತದೆ, ಅದರಲ್ಲಿ ತೆರೆದಿಟ್ಟ ತಂತ್ರಾಂಶದ ಕಿಟಕಿಗಳೆಲ್ಲ ಲ್ಯಾಪ್‌ಟಾಪಿನ ಪುಟ್ಟ ಪರದೆಗೆ ಬಂದು ಬೀಳುತ್ತವೆ. ಮಾನಿಟರಿಗೆಂದೇ ಒಂದು ಚಿಕ್ಕ ಯುಪಿಎಸ್ ಇಟ್ಟ ಮೇಲೆ ಆ ಕಾಟ ತಪ್ಪಿತು. ಹಳೆಯ ಮಾನಿಟರನ್ನು ಬಿಸಾಡಲಿಲ್ಲ. ಅದನ್ನು ಅದೇ ಎಚ್‌ಡಿಎಂಐ ಕಿಂಡಿಗೆ ಜೋಡಿಸಿ ಎಡಕ್ಕೆ ಇಟ್ಟಿದ್ದೇನೆ. ಲೇಖಕರ ಕೈಬರಹದ ಸ್ಕ್ಯಾನ್ ಅದರಲ್ಲಿ ದೊಡ್ಡದಾಗಿ ತೆರೆದಿರುತ್ತದೆ, ಅಚ್ಚಿಗೆ ಹೋಗುವ ಪುಟ ಹೊಸದರಲ್ಲಿ ನಿಜವಾದ ಅಳತೆಯಲ್ಲಿ ನಿಂತಿರುತ್ತದೆ, ಸಾಲಿಗೆ ಸಾಲು ಹಿಡಿದು ಎರಡನ್ನೂ ಓದುತ್ತೇನೆ.