‘ಮಾಡಲೇಬೇಕು’ ಎಂಬುದರಲ್ಲಿನ ‘ಲೇ’

ಬೆಂಗಳೂರಿನ ಪೀಣ್ಯ ಎರಡನೇ ಹಂತದಲ್ಲಿ ನನ್ನದೊಂದು ಸಣ್ಣ ಮಷೀನ್ ಶಾಪ್ ಇದೆ. ಕಂಪ್ಯೂಟರ್ ನಿಯಂತ್ರಣದಲ್ಲಿ ಓಡುವ 6 ಸಿಎನ್‌ಸಿ ಮಷೀನುಗಳು, 23 ಮಂದಿ ಕೆಲಸಗಾರರು; ಹೈಡ್ರಾಲಿಕ್ ಪಂಪುಗಳಿಗೆ ಬೇಕಾಗುವ ಬಿಡಿಭಾಗಗಳನ್ನು ಜಾಬ್‌ವರ್ಕ್ ಲೆಕ್ಕದಲ್ಲಿ ಮಾಡಿಕೊಡುತ್ತೇವೆ. 2022ರ ಕೊನೆಯ ಹೊತ್ತಿಗೆ ಲಾಕ್‌ಡೌನ್ ಕಾಲದ ಸಾಲ ಬಹುಪಾಲು ತೀರಿತ್ತು, ಆರ್ಡರುಗಳಿಗೂ ಕೊರತೆ ಇರಲಿಲ್ಲ. ಆದರೂ ನಾನು ಬೆಳಗಿನ ಜಾವ ಮೂರು ಗಂಟೆಗೆ ಎಚ್ಚರಗೊಂಡು, ಯಾವ ಲಾಟಿನ ಡೆಲಿವರಿ ತಪ್ಪಬಹುದೆಂದು ಲೆಕ್ಕ ಹಾಕುತ್ತ ಮಲಗಿರುತ್ತಿದ್ದೆ. ‘ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ’ ಎನ್ನುತ್ತಾರಲ್ಲ, ಆ ವರ್ಷ ನಾನು ನಡೆಸಿದ ಆಡಳಿತವೆಲ್ಲ ಅಷ್ಟೇ ಆಗಿತ್ತು.

ದಣಿವು ನನಗೆ ಹೊಸದಲ್ಲ. ಹೊಸದಾಗಿದ್ದದ್ದು ಅದರ ಜೊತೆಗೆ ಬಂದ ತಾತ್ಸಾರ. ಹತ್ತು ವರ್ಷದಿಂದ ಜೊತೆಗಿದ್ದ ಸೂಪರ್‌ವೈಸರ್ ಬಾಗಿಲ ಬಳಿ ಬಂದು ನಿಂತರೆ ಸಾಕು, ಅವರು ಬಾಯಿ ತೆರೆಯುವ ಮೊದಲೇ ನನಗೆ ರೇಗುತ್ತಿತ್ತು. ಒಂದು ತಿಂಗಳು ಒಂದೇ ಒಂದು ರಿಜೆಕ್ಷನ್ ಇಲ್ಲದೆ ಮಾಲು ಹೋದಾಗ ಗಿರಾಕಿಯ ಕಡೆಯಿಂದ ಮೆಚ್ಚುಗೆಯ ಪತ್ರ ಬಂತು. ಅದನ್ನು ಓದಿದಾಗ ನನಗೆ ಏನೂ ಅನ್ನಿಸಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಬರ್ನ್‌ಔಟನ್ನು ವಿವರಿಸುವಾಗ ಅದನ್ನು ಕಾಯಿಲೆಯೆಂದು ಕರೆಯದೆ, ಕೆಲಸಕ್ಕೆ ಸಂಬಂಧಿಸಿದ ಸ್ಥಿತಿಯೆಂದು ಕರೆದು, ಮೂರು ಲಕ್ಷಣಗಳನ್ನು ಹೇಳಿದೆ: ಶಕ್ತಿ ಬತ್ತಿಹೋದ ಭಾವನೆ, ಕೆಲಸದಿಂದ ಮನಸ್ಸು ದೂರವಾಗುವುದು ಅಥವಾ ಅದರ ಬಗ್ಗೆ ಸಿನಿಕತನ, ಮತ್ತು ತನ್ನಿಂದ ಕೆಲಸ ಸರಿಯಾಗಿ ಆಗುತ್ತಿಲ್ಲವೆಂಬ ಅನ್ನಿಸಿಕೆ. ಮೂರೂ ನನ್ನಲ್ಲಿದ್ದವು. ನಮ್ಮ ಡಾಕ್ಟರು ಮಾತ್ರ ಆ ಹೆಸರನ್ನು ಅವಸರದಲ್ಲಿ ಅಂಟಿಸಲಿಲ್ಲ. ಥೈರಾಯ್ಡ್, ಬಿ12, ಸಕ್ಕರೆ, ರಕ್ತದೊತ್ತಡ ಎಲ್ಲವನ್ನೂ ನೋಡಿ, ರಕ್ತದೊತ್ತಡ ಸ್ವಲ್ಪ ಹೆಚ್ಚಿರುವುದನ್ನು ಬಿಟ್ಟರೆ ಬೇರೇನೂ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಆಪ್ತಸಮಾಲೋಚಕಿಯೊಬ್ಬರ ಬಳಿ ಕಳುಹಿಸಿದರು. ಅದಕ್ಕೂ ಮೊದಲು ಮನೆಯವರ ಒತ್ತಾಯಕ್ಕೆ ಚಿಕ್ಕಮಗಳೂರಿನ ಹೋಂಸ್ಟೇಯಲ್ಲಿ ಮೂರು ದಿನ ಇದ್ದು ಬಂದಿದ್ದೆ. ಅಲ್ಲಿ ಫೋನಿಗೆ ಸಿಗ್ನಲ್ ಸಿಗುವ ಜಾಗ ಹುಡುಕುವುದರಲ್ಲೇ ಎರಡು ದಿನ ಕಳೆದವು.

ಆಪ್ತಸಮಾಲೋಚಕಿ ಕೊಟ್ಟ ಮೊದಲ ಕೆಲಸ ಬಹಳ ಸರಳವಾಗಿತ್ತು. ಒತ್ತಡವೆನಿಸಿದ ಕ್ಷಣದಲ್ಲಿ ನನಗೆ ನಾನೇ ಹೇಳಿಕೊಳ್ಳುವ ಮಾತನ್ನು, ಹೇಳಿಕೊಂಡ ಹಾಗೆಯೇ, ಒಂದು ವಾರ ಬರೆದಿಡಬೇಕಿತ್ತು. ಚಲನ್ ಪುಸ್ತಕದ ಹಿಂಬದಿಯಲ್ಲಿ ಬರೆದೆ. ಎಲ್ಲ ಡೆಲಿವರಿಯೂ ಹೇಳಿದ ದಿನವೇ ಹೋಗಲೇಬೇಕು. ಫಸ್ಟ್ ಪೀಸ್ ನಾನೇ ನೋಡಲೇಬೇಕು. ಗಿರಾಕಿಯ ಫೋನು ಎರಡನೇ ರಿಂಗಿಗೆ ಎತ್ತಲೇಬೇಕು. ವಾರದ ಕೊನೆಗೆ ಅದನ್ನು ಗಟ್ಟಿಯಾಗಿ ಓದಿದಾಗ, ಆಕೆ ಹೇಳುವ ಮೊದಲೇ, ಪ್ರತಿ ಸಾಲಿನಲ್ಲೂ ‘ಲೇ’ ನನ್ನ ಕಿವಿಗೆ ಬಿತ್ತು. ‘ಬೇಕು’ ಎಂಬುದು ಇಷ್ಟ. ‘ಲೇಬೇಕು’ ಎಂಬುದು ಆಜ್ಞೆ. ಅಮೆರಿಕದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಎಲ್ಲಿಸ್ 1950ರ ದಶಕದಲ್ಲಿ ರೂಪಿಸಿದ ಚಿಕಿತ್ಸಾ ಕ್ರಮದ ತಿರುಳೂ ಇದೇ ಎಂದು ಆಕೆ ಆಮೇಲೆ ವಿವರಿಸಿದರು: ನಮ್ಮ ಇಷ್ಟಗಳನ್ನು ನಾವು ಆಜ್ಞೆಗಳಾಗಿ ಬದಲಿಸಿಕೊಂಡಾಗ, ಘಟನೆ ಎಷ್ಟು ನೋಯಿಸಬಹುದಿತ್ತೋ ಅದಕ್ಕಿಂತ ಹೆಚ್ಚು ನಾವೇ ನೋಯಿಸಿಕೊಳ್ಳುತ್ತೇವೆ.

ಮೊದಲಿಗೆ ನಾನು ಒಪ್ಪಲಿಲ್ಲ. ಶಿಸ್ತು ಸಡಿಲವಾದರೆ ಶಾಪ್ ಮುಳುಗುತ್ತದೆ ಎಂದು ವಾದಿಸಿದೆ. ನನ್ನನ್ನು ಒಪ್ಪಿಸಿದ್ದು ನನ್ನ ಮೇಜಿನ ಮೇಲಿದ್ದ ಒಂದು ಡ್ರಾಯಿಂಗ್. ಅದರಲ್ಲಿ 25 ಮಿಲಿಮೀಟರ್ ಬೋರ್‌ಗೆ, ಅಂದರೆ ಭಾಗದೊಳಗಿನ ದುಂಡು ರಂಧ್ರಕ್ಕೆ, ಎಚ್7 ಎಂದಿತ್ತು. ಅಂದರೆ ಅಳತೆ 25.000ರಿಂದ 25.021 ಮಿಲಿಮೀಟರಿನ ಒಳಗೇ ಇರಬೇಕು. ಅದೇ ಭಾಗದಲ್ಲಿ, ಬೇರಾವುದಕ್ಕೂ ಕೂಡಿಕೊಳ್ಳದ 80 ಮಿಲಿಮೀಟರಿನ ಹೊರ ಉದ್ದಕ್ಕೆ, ಸಾಮಾನ್ಯ ಅಳತೆಗಳಿಗಿರುವ ಐಎಸ್‌ಒ 2768 ಮಾನದಂಡದ ಮಧ್ಯಮ ದರ್ಜೆಯ ಪ್ರಕಾರ, 0.3 ಮಿಲಿಮೀಟರ್ ಹೆಚ್ಚುಕಡಿಮೆಯಾದರೂ ನಡೆಯುತ್ತದೆ. ಎಲ್ಲ ಅಳತೆಗೂ ಎಚ್7 ಬರೆದು ಕಳುಹಿಸುವ ಹೊಸ ಡಿಸೈನರುಗಳನ್ನು ನಾವು ಬೈದುಕೊಳ್ಳುತ್ತೇವೆ, ಏಕೆಂದರೆ ಅದರಿಂದ ಖರ್ಚು ಏರುತ್ತದೆಯೇ ಹೊರತು ಪಂಪು ಚೆನ್ನಾಗಿ ಓಡುವುದಿಲ್ಲ. ನನ್ನ ಬದುಕಿನ ಡ್ರಾಯಿಂಗಿನಲ್ಲಿ ನಾನು ಮಾಡಿದ್ದೂ ಅದನ್ನೇ. ಹಾಗಾಗಿ ಪಟ್ಟಿಯ ಪ್ರತಿ ಸಾಲಿನ ಎದುರು, ಇದು ನಿಜಕ್ಕೂ ಬೋರೋ ಅಥವಾ ಹೊರ ಉದ್ದವೋ ಎಂದು ಬರೆಯುತ್ತ ಹೋದೆ.

ಕಷ್ಟವಾದದ್ದು ಫಸ್ಟ್ ಪೀಸಿನ ವಿಷಯ. ಸೆಟ್ಟಿಂಗ್ ಮುಗಿದ ಮೇಲೆ ಮೊದಲ ಪೀಸನ್ನು ನಾನು ಅಳೆದು ಸಹಿ ಹಾಕುವವರೆಗೆ ಮಷೀನು ಓಡುವಂತಿರಲಿಲ್ಲ. ನಾನು ಬ್ಯಾಂಕಿನಲ್ಲಿದ್ದರೆ ಮಷೀನೂ ಕಾಯುತ್ತಿತ್ತು. ಸೂಪರ್‌ವೈಸರನ್ನು ಕೂರಿಸಿಕೊಂಡು ಕೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, “ಸರ್, ಗೇಜು ನನ್ನ ಕೈಯಲ್ಲೂ ಅದೇ ಅಳತೆ ತೋರಿಸುತ್ತೆ” ಎಂದರು. ಮರುದಿನದಿಂದ ಸಹಿ ಅವರದಾಯಿತು. ಐದನೇ ವಾರದಲ್ಲಿ 140 ಪೀಸುಗಳು ಬೋರ್ ದೊಡ್ಡದಾಗಿ ರಿಜೆಕ್ಟ್ ಆದವು. ಆ ಸಂಜೆ ಸಹಿಯ ಅಧಿಕಾರವನ್ನು ವಾಪಸ್ ಕಿತ್ತುಕೊಳ್ಳುವ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಫಸ್ಟ್ ಪೀಸಿನ ದಾಖಲೆ ತೆಗೆದು ನೋಡಿದರೆ ಅದು ಸರಿಯಾಗಿಯೇ ಇತ್ತು. ರಾತ್ರಿ ಪಾಳಿಯಲ್ಲಿ ಇನ್ಸರ್ಟ್ (ಲೋಹ ಕತ್ತರಿಸುವ ಅಲಗಿನ ತುಣುಕು) ಬದಲಿಸಿದ ಮೇಲೆ ಆಫ್‌ಸೆಟ್ (ಆ ಅಲಗಿಗೆ ತಕ್ಕಂತೆ ಮಷೀನಿಗೆ ಕೊಡುವ ಅಳತೆಯ ತಿದ್ದುಪಡಿ) ಸರಿಪಡಿಸದೆ ಓಡಿಸಿದ್ದರು. ನಾನೇ ಸಹಿ ಹಾಕಿದ್ದರೂ ಆ ಹೊತ್ತಿಗೆ ನಾನು ಮನೆಯಲ್ಲಿರುತ್ತಿದ್ದೆ. ಇನ್ಸರ್ಟ್ ಬದಲಿಸಿದಾಗಲೆಲ್ಲ ಮುಂದಿನ ಪೀಸನ್ನು ಅಳೆದು ಬರೆಯಬೇಕೆಂಬ ಒಂದು ಕಾಲಂ ಹೆಚ್ಚಾಯಿತು, ಅಷ್ಟೇ. ಆ 140 ಪೀಸುಗಳ ನಷ್ಟವನ್ನು ನಾನು ಇಂದಿಗೂ ಮರೆತಿಲ್ಲ ಎಂಬುದೂ ನಿಜ.

ಆದರೆ ಎಲ್ಲವೂ ಯೋಚನೆಯ ದೋಷವೆಂದು ಹೇಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ನನ್ನ ವಹಿವಾಟಿನ ದೊಡ್ಡ ಪಾಲು ಒಬ್ಬ ಗಿರಾಕಿಯದು, ಅವರ ಹಣ ಬರಲು 110 ದಿನ ಹಿಡಿಯುತ್ತಿತ್ತು. ಅದನ್ನು ಯಾವ ಕೋನದಿಂದ ನೋಡಿದರೂ ಅದು ಒತ್ತಡವೇ. ಅಲ್ಲಿ ಬದಲಾಗಬೇಕಿದ್ದದ್ದು ನನ್ನ ಇನ್ನೊಂದು ಸಾಲು: ದೊಡ್ಡ ಗಿರಾಕಿಗೆ ಎದುರಾಡಲೇಬಾರದು. ಸಣ್ಣ ಉದ್ದಿಮೆಗಳಿಗಾಗಿ ಇರುವ 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ, ಒಪ್ಪಂದದಲ್ಲಿ ಏನೇ ಬರೆದಿದ್ದರೂ, ಪಾವತಿಯ ಗಡುವು 45 ದಿನ ಮೀರುವಂತಿಲ್ಲ; ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳುವ ಹಕ್ಕಿದೆ. 2024ರ ಏಪ್ರಿಲ್‌ನಿಂದ 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ 43ಬಿ(ಎಚ್) ಕಲಮು ಜಾರಿಗೆ ಬಂದು, ಗಡುವಿನೊಳಗೆ ಕೊಡದ ಬಾಕಿಯನ್ನು ನಿಜವಾಗಿ ಪಾವತಿಸುವವರೆಗೆ ಖರೀದಿದಾರರು ಖರ್ಚೆಂದು ತೋರಿಸುವಂತಿಲ್ಲ. ಇದೆಲ್ಲ ಗೊತ್ತಿದ್ದೂ ನಾನು ಬಾಯಿ ಬಿಟ್ಟಿರಲಿಲ್ಲ. ಆ ವರ್ಷ ಪ್ರತಿ ಬಿಲ್ಲಿನಲ್ಲೂ, ನಮ್ಮದು ಸಣ್ಣ ಉದ್ದಿಮೆಯೆಂದು ತೋರಿಸುವ ಉದ್ಯಮ್ ನೋಂದಣಿ ಸಂಖ್ಯೆ ಅಚ್ಚು ಹಾಕಿಸಿ, ಅವರ ಅಕೌಂಟ್ಸ್ ವಿಭಾಗಕ್ಕೆ ವಿನಯದಿಂದಲೇ ಒಂದು ಪತ್ರ ಬರೆದೆ. ಬಡ್ಡಿ ಕೇಳಲಿಲ್ಲ; ಅಷ್ಟು ಧೈರ್ಯ ಇನ್ನೂ ಇಲ್ಲ. ಈಗ ಹಣ 60 ದಿನದ ಆಸುಪಾಸಿನಲ್ಲಿ ಬರುತ್ತಿದೆ. ಅವರ ಒಂದು ಸಣ್ಣ ಐಟಂ ಬೇರೆಯವರಿಗೆ ಹೋಯಿತು. ಪತ್ರದ ಕಾರಣಕ್ಕೋ, ದರದ ಕಾರಣಕ್ಕೋ ತಿಳಿಯದು.

ನಿದ್ದೆ ಸರಿಹೋಗಲು ಏಳೆಂಟು ತಿಂಗಳು ಬೇಕಾದವು. ಯಾರಿಗಾದರೂ ನಿದ್ದೆಗೇಡಿನ ಜೊತೆಗೆ ಬದುಕೇ ಬೇಡವೆನಿಸುತ್ತಿದ್ದರೆ ಅದು ಇಂಥ ಪಟ್ಟಿ ಬರೆಯುವುದರಿಂದ ಕಳೆಯುವ ವಿಷಯವಲ್ಲ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಡಾಕ್ಟರನ್ನು ಕಾಣುವುದು ಒಳ್ಳೆಯದು.

ಚಲನ್ ಪುಸ್ತಕದ ಆ ಪಟ್ಟಿಯಲ್ಲಿ 17 ಸಾಲುಗಳಿದ್ದವು. ಎರಡರಲ್ಲಿ ‘ಲೇ’ಯನ್ನು ಉದ್ದೇಶಪೂರ್ವಕವಾಗಿ ಉಳಿಸಿಕೊಂಡಿದ್ದೇನೆ: 7ನೇ ತಾರೀಖಿನೊಳಗೆ ಸಂಬಳ ಹಾಕಲೇಬೇಕು, ಅಳತೆ ತಪ್ಪಿದ ಪೀಸು ಗೇಟು ದಾಟಲೇಬಾರದು. ಮಿಕ್ಕವುಗಳ ಪೈಕಿ ಫೋನಿನ ಸಾಲು ಮಾತ್ರ ಇನ್ನೂ ಅಳಿಸಿಲ್ಲ. ಊಟದ ಹೊತ್ತಿನಲ್ಲಿ ಅದು ರಿಂಗಾದರೆ ಈಗಲೂ ನನ್ನ ಎಡಗೈ ತಾನಾಗಿಯೇ ಮೇಲೇಳುತ್ತದೆ, ಹೆಂಡತಿ ಅದನ್ನು ನೋಡಿ ಏನೂ ಹೇಳದೆ ಸಾರು ಬಡಿಸುತ್ತಾಳೆ.